ಮುದ್ರೆಯೊತ್ತುವ ಅಧಿಕಾರ: ರಾಸಾಯನಿಕ ಟ್ಯಾಂಕ್‌ಗಳ ಪರೀಕ್ಷೆ ಮತ್ತು ಆಪ್ತನ ಲಕ್ಷಣ

ಒಂದು ದೇಶದಲ್ಲಿ ತುಂಬಿ ಮತ್ತೊಂದು ದೇಶದಲ್ಲಿ ಬರಿದು ಮಾಡುವ ಅಪಾಯಕಾರಿ ರಾಸಾಯನಿಕದ ಟ್ಯಾಂಕ್ ದಾರಿಯುದ್ದಕ್ಕೂ ಹಲವು ಕೈಗಳನ್ನು ದಾಟಿ ಸಾಗುತ್ತದೆ. ಅದನ್ನು ಹಡಗಿಗೆ ಏರಿಸುವ ಕ್ರೇನ್ ಚಾಲಕನಾಗಲಿ, ವಾರಗಟ್ಟಲೆ ಅದರ ಪಕ್ಕದಲ್ಲೇ ಇರುಳು ಕಳೆಯುವ ನಾವಿಕನಾಗಲಿ, ಅದನ್ನು ಹೊತ್ತ ಲಾರಿ ಹಾದುಹೋಗುವ ಊರಿನ ನಿವಾಸಿಯಾಗಲಿ ಟ್ಯಾಂಕಿನ ಒಳಗೋಡೆ ಹೇಗಿದೆ ಎಂಬುದನ್ನು ತಾವೇ ಕಂಡು ತಿಳಿಯಲಾರರು. ಟ್ಯಾಂಕಿಗೆ ಕಾಯಮ್ಮಾಗಿ ಜೋಡಿಸಿದ ಲೋಹದ ಫಲಕವೊಂದರ ಮೇಲೆ ಕೊರೆದ ತಿಂಗಳು, ವರ್ಷ ಮತ್ತು ಪರೀಕ್ಷಕನ ಮುದ್ರೆಯನ್ನು ನಂಬಿ ಅವರೆಲ್ಲ ತಮ್ಮ ಪಾಡಿಗೆ ತಾವು ಇರುತ್ತಾರೆ. ಆ ಮುದ್ರೆಯನ್ನು ಒತ್ತಲು ಯಾರು ಅರ್ಹರು ಎಂಬುದು ಮೇಲ್ನೋಟಕ್ಕೆ ಆಡಳಿತದ ಪ್ರಶ್ನೆ. ಆದರೆ ತಾನು ಕಾಣದ ವಸ್ತುವಿನ ವಿಷಯದಲ್ಲಿ ಇನ್ನೊಬ್ಬನ ಮಾತನ್ನು ಮನುಷ್ಯ ಯಾವ ಆಧಾರದ ಮೇಲೆ ನಂಬಬಹುದು ಎಂಬ, ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯೇ ಅದರ ತಿರುಳಿನಲ್ಲಿದೆ. ಪ್ರಮಾಣಶಾಸ್ತ್ರ, ಅಂದರೆ ಯಥಾರ್ಥ ಜ್ಞಾನಕ್ಕೆ ಸಾಧನ ಯಾವುದು ಎಂದು ವಿಚಾರ ಮಾಡುವ ಶಾಸ್ತ್ರ, ಈ ಕಾಲದ ಒಂದು ಕಾರ್ಖಾನೆಯ ಅಂಗಳಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ಈ ನಿದರ್ಶನದ ಮೂಲಕ ಪರಿಶೀಲಿಸಬಹುದು.

ಕಾನೂನು ಕೊಡುವ ಉತ್ತರ

ಪೋರ್ಟಬಲ್ ಟ್ಯಾಂಕ್ ಎಂದರೆ ಸರಕು ತುಂಬಿದಂತೆಯೇ ಎತ್ತಿ, ರಸ್ತೆ, ರೈಲು, ಹಡಗು ಈ ಮೂರರಲ್ಲಿಯೂ ಸಾಗಿಸಲು ತಕ್ಕಂತೆ ಕಟ್ಟಿದ ಪಾತ್ರೆ. ಇಂದು ಹೆಚ್ಚಾಗಿ ಕಾಣುವ ಅದರ ರೂಪವು 20 ಅಡಿ ಉದ್ದದ ಉಕ್ಕಿನ ಚೌಕಟ್ಟಿನೊಳಗೆ ಕೂರಿಸಿದ ಸ್ಟೇನ್‌ಲೆಸ್ ಸ್ಟೀಲ್ ಉರುಳೆ. ವ್ಯವಹಾರದಲ್ಲಿ ಅದಕ್ಕೆ ಐಎಸ್‌ಒ ಟ್ಯಾಂಕ್ ಎಂದು ಹೆಸರು, ಅದರಲ್ಲಿ ಸಾಮಾನ್ಯವಾಗಿ 17,500ರಿಂದ 26,000 ಲೀಟರಿನಷ್ಟು ದ್ರವ ಹಿಡಿಯುತ್ತದೆ. ಇಂಥ ಟ್ಯಾಂಕ್‌ಗಳ ವಿನ್ಯಾಸ, ತಯಾರಿಕೆ ಮತ್ತು ಪರೀಕ್ಷೆಯ ನಿಯಮಗಳು ಅಪಾಯಕಾರಿ ಸರಕುಗಳ ಸಾಗಣೆಯ ಬಗ್ಗೆ ವಿಶ್ವಸಂಸ್ಥೆಯು 1956ರಿಂದ ಪ್ರಕಟಿಸುತ್ತ ಬಂದಿರುವ ಶಿಫಾರಸುಗಳ ಈಗಿನ ರೂಪದಲ್ಲಿ, 6.7ನೆಯ ಅಧ್ಯಾಯದಲ್ಲಿ ಬರುತ್ತವೆ. ಸಮುದ್ರಯಾನಕ್ಕೆ ಅನ್ವಯಿಸುವ ಐಎಂಡಿಜಿ ಸಂಹಿತೆಯು ಅವನ್ನೇ ಅಳವಡಿಸಿಕೊಂಡಿದ್ದು, ಆ ಸಂಹಿತೆ 2004ರ ಜನವರಿ 1ರಿಂದ ಸದಸ್ಯ ರಾಷ್ಟ್ರಗಳಿಗೆ ಕಡ್ಡಾಯವಾಗಿದೆ.

ಈ ನಿಯಮಗಳ ಪ್ರಕಾರ ಟ್ಯಾಂಕ್ ಸೇವೆಗೆ ಇಳಿಯುವ ಮೊದಲು ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆ ಪೂರ್ಣ ಪರೀಕ್ಷೆ ನಡೆಯಬೇಕು. ಎರಡು ಪೂರ್ಣ ಪರೀಕ್ಷೆಗಳ ನಡುವೆ, ಎರಡೂವರೆ ವರ್ಷಕ್ಕೆ, ಒಂದು ಮಧ್ಯಂತರ ಪರೀಕ್ಷೆ ಆಗಬೇಕು. ಟ್ಯಾಂಕಿಗೆ ಪೆಟ್ಟು ಬಿದ್ದಿದ್ದರೆ, ತುಕ್ಕು ತಿಂದಿದ್ದರೆ, ಸೋರಿಕೆ ಕಂಡರೆ ಕಾಲಾವಧಿಯನ್ನು ನೋಡದೆ ವಿಶೇಷ ಪರೀಕ್ಷೆ ನಡೆಸಬೇಕು. ಇವನ್ನು ನಡೆಸಲು, ಅಥವಾ ನಡೆಯುವಾಗ ಎದುರಿಗಿದ್ದು ನೋಡಲು, ದೇಶದ ಸಕ್ಷಮ ಪ್ರಾಧಿಕಾರವು ಅಥವಾ ಅದು ಅಧಿಕಾರ ವಹಿಸಿಕೊಟ್ಟ ಸಂಸ್ಥೆಯು ಒಪ್ಪಿದ ತಜ್ಞನೇ ಬೇಕು. ಸಕ್ಷಮ ಪ್ರಾಧಿಕಾರ ಎಂದರೆ ಆಯಾ ಸರ್ಕಾರವು ಈ ಕೆಲಸಕ್ಕೆ ಗೊತ್ತುಮಾಡಿದ ಕಚೇರಿ. ಅದು ತನ್ನ ಅಧಿಕಾರವನ್ನು ವಹಿಸಿಕೊಡುವುದು ಬಹಳ ಕಡೆ ಹಡಗು ವರ್ಗೀಕರಣ ಸಂಸ್ಥೆಗಳಿಗೆ; 1760ರಲ್ಲಿ ಲಂಡನ್ನಿನಲ್ಲಿ ಮೊದಲಾದ ಲಾಯ್ಡ್ಸ್ ರಿಜಿಸ್ಟರ್, 1828ರಲ್ಲಿ ಆಂಟ್‌ವರ್ಪ್‌ನಲ್ಲಿ ಹುಟ್ಟಿದ ಬ್ಯೂರೊ ವೆರಿಟಾಸ್, 1975ರಲ್ಲಿ ಸ್ಥಾಪಿತವಾದ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಈ ಬಗೆಯ ಸಂಸ್ಥೆಗಳು.

ಅಮೆರಿಕದ ನಿಯಮವೊಂದು ಈ ವ್ಯವಸ್ಥೆಯ ಒಳಗಣ ತೊಡಕನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿನ ಸಾರಿಗೆ ಇಲಾಖೆಯ ಅಪಾಯಕಾರಿ ಸರಕುಗಳ ಆಡಳಿತವು ಟ್ಯಾಂಕ್‌ಗಳನ್ನು ಪರೀಕ್ಷಿಸಿ ಅನುಮೋದಿಸುವ ಏಜೆನ್ಸಿಗಳನ್ನು ನೇಮಿಸುತ್ತದೆ. ಅರ್ಜಿ ಹಾಕಿದ ಸಂಸ್ಥೆ ಹೊರದೇಶದ್ದಾದರೆ ಅದು ತನ್ನ ದೇಶದ ಸಕ್ಷಮ ಪ್ರಾಧಿಕಾರವು ತನಗೆ ಅಂಥ ಅಧಿಕಾರ ಕೊಟ್ಟಿದೆ ಎಂಬ ಪತ್ರವನ್ನು ಒದಗಿಸುವುದರ ಜೊತೆಗೆ, ಆ ಪ್ರಾಧಿಕಾರವು ಅಮೆರಿಕದ ಸಂಸ್ಥೆಗಳಿಗೂ ಅದೇ ಬಗೆಯ ಅಧಿಕಾರ ಕೊಡುತ್ತದೆ ಎಂಬ ಹೇಳಿಕೆಯನ್ನೂ ಒದಗಿಸಬೇಕು. ಮೊದಲನೆಯ ಬೇಡಿಕೆ ಅರ್ಹತೆಗೆ ಸಂಬಂಧಿಸಿದ್ದು. ಎರಡನೆಯದು ರಾಷ್ಟ್ರಗಳ ನಡುವಣ ಕೊಡುಕೊಳ್ಳುವಿಕೆಗೆ ಸಂಬಂಧಿಸಿದ್ದು. ಪರೀಕ್ಷಕನ ಕಣ್ಣು ಎಷ್ಟೇ ಚುರುಕಾಗಿದ್ದರೂ, ಅವನ ದೇಶವು ಪ್ರತಿಯಾಗಿ ಬಾಗಿಲು ತೆರೆಯದಿದ್ದರೆ ಅವನ ಮಾತಿಗೆ ಅಲ್ಲಿ ಬೆಲೆಯಿಲ್ಲ. ಒಬ್ಬನ ಮಾತು ನಂಬಲು ಯೋಗ್ಯವಾಗಿರುವುದು ಒಂದು, ಅದನ್ನು ನಂಬಬೇಕೆಂದು ಕಾನೂನು ವಿಧಿಸುವುದು ಇನ್ನೊಂದು. ಈ ಎರಡು ಬೇರೆಬೇರೆ ಎಂಬುದನ್ನು ನಿಯಮವೇ ಹೀಗೆ ತೋರಿಸಿಕೊಡುತ್ತದೆ.

ಪರೀಕ್ಷೆಯ ಅಂಗಳದಲ್ಲಿ ಪ್ರಮಾಣಗಳು

ಮುದ್ರೆಯ ಹಿಂದೆ ಇರಬೇಕಾದ ಜ್ಞಾನ ಯಾವ ಬಗೆಯದು ಎಂಬುದನ್ನು ತಿಳಿಯಲು ಒಂದು ಪೂರ್ಣ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಟ್ಯಾಂಕನ್ನು ಬರಿದು ಮಾಡಿ, ತೊಳೆದು, ಒಳಗೆ ವಿಷಾನಿಲ ಉಳಿದಿಲ್ಲವೆಂದೂ ಉಸಿರಾಟಕ್ಕೆ ಬೇಕಾದ ಆಮ್ಲಜನಕ ಇದೆಯೆಂದೂ ಅಳೆದು ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಪರೀಕ್ಷಕ ಮೇಲಿನ ಮುಚ್ಚಳದ ಕಿಂಡಿಯಿಂದ ಒಳಗಿಳಿದು, ಟಾರ್ಚಿನ ಬೆಳಕನ್ನು ಗೋಡೆಗೆ ಓರೆಯಾಗಿ ಹಿಡಿದು, ವೆಲ್ಡಿಂಗಿನ ಗೆರೆಗಳನ್ನೂ ತಳದಲ್ಲಿ ದ್ರವ ನಿಲ್ಲುವ ಜಾಗವನ್ನೂ ನೋಡುತ್ತಾನೆ. ನೇರ ಬೆಳಕಿನಲ್ಲಿ ಕಾಣದ ಸಣ್ಣ ಗುಳಿಗಳು ಓರೆ ಬೆಳಕಿನಲ್ಲಿ ನೆರಳು ಬೀರಿ ಕಾಣಿಸಿಕೊಳ್ಳುತ್ತವೆ. ಅದಾದ ಮೇಲೆ ಟ್ಯಾಂಕಿಗೆ ಬಾಯಿಮಟ್ಟ ನೀರು ತುಂಬಿ ಒತ್ತಡ ಏರಿಸುತ್ತಾರೆ. ಕೆಲಸದ ಗರಿಷ್ಠ ಒತ್ತಡ 4 ಬಾರ್ ಇರುವ ಟ್ಯಾಂಕಿಗೆ ಅದರ ಒಂದೂವರೆ ಪಟ್ಟು, ಅಂದರೆ 6 ಬಾರ್ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾದು, ಕೀಲುಗಳಲ್ಲಿ, ಪೈಪುಗಳಲ್ಲಿ, ವಾಲ್ವುಗಳಲ್ಲಿ ಹನಿ ಜಿನುಗುತ್ತದೆಯೇ ಎಂದು ನೋಡುತ್ತಾರೆ. ಗಾಳಿಯ ಬದಲು ನೀರನ್ನು ಬಳಸುವುದಕ್ಕೆ ಕಾರಣವಿದೆ: ಒತ್ತಡಕ್ಕೆ ನೀರು ಹೆಚ್ಚು ಕುಗ್ಗುವುದಿಲ್ಲವಾದ್ದರಿಂದ ಅದರಲ್ಲಿ ಶೇಖರವಾಗುವ ಶಕ್ತಿ ಕಡಿಮೆ, ಹಾಗಾಗಿ ಟ್ಯಾಂಕ್ ಬಿರಿದರೂ ಸ್ಫೋಟದಂಥ ಅನಾಹುತ ಆಗುವುದಿಲ್ಲ.

ಈ ಕೆಲಸದಲ್ಲಿ ಒಂದಕ್ಕಿಂತ ಹೆಚ್ಚು ಪ್ರಮಾಣಗಳು ಕೂಡಿಕೊಂಡಿವೆ. ಕಣ್ಣಾರೆ ಕಾಣುವ ಗುಳಿ, ಗೇಜಿನ ಮುಳ್ಳಿನ ಸ್ಥಾನ ಇವು ಪ್ರತ್ಯಕ್ಷ. ಬಿರುಕು ಕಾಣಲಿಲ್ಲ, ಆದ್ದರಿಂದ ಬಿರುಕು ಇಲ್ಲ ಎಂಬ ತೀರ್ಮಾನವು ಮಾತ್ರ ಪ್ರತ್ಯಕ್ಷವಲ್ಲ. ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆಯೂ ಅದ್ವೈತಿಗಳೂ ಅದಕ್ಕೆ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದ್ದಾರೆ. ಆದರೆ ಎಲ್ಲ ಕಾಣದಿರುವಿಕೆಯೂ ಪ್ರಮಾಣವಾಗದೆಂದು ಅವರು ಒಂದು ನಿಬಂಧನೆ ಹಾಕಿದರು: ಆ ವಸ್ತು ಅಲ್ಲಿ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂಥ ಪರಿಸ್ಥಿತಿಯಲ್ಲಿ ಅದು ಕಾಣದಿದ್ದರೆ ಮಾತ್ರ ಅದರ ಅಭಾವ ಸಿದ್ಧವಾಗುತ್ತದೆ. ಹಗಲಿನಲ್ಲಿ ಬರಿಯ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆ ಇಲ್ಲ; ಕತ್ತಲಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಟ್ಯಾಂಕ್‌ಗಳ ನಿಯಮವೂ ಇದೇ ತತ್ತ್ವವನ್ನು ತನ್ನ ರೀತಿಯಲ್ಲಿ ಹೇಳುತ್ತದೆ: ಟ್ಯಾಂಕಿನ ಹೊರಗಿನ ತಗಡಿನ ಹೊದಿಕೆಯನ್ನೂ ಶಾಖನಿರೋಧಕ ಪದರವನ್ನೂ ಪೂರ್ತಿ ಕಿತ್ತುಹಾಕಬೇಕಾಗಿಲ್ಲ, ಟ್ಯಾಂಕಿನ ಸ್ಥಿತಿಯನ್ನು ನಂಬಲರ್ಹವಾಗಿ ತಿಳಿಯಲು ಎಷ್ಟು ಬೇಕೋ ಅಷ್ಟನ್ನು ತೆಗೆದರೆ ಸಾಕು. ಎಷ್ಟು ತೆಗೆದರೆ ಸಾಕು ಎಂಬುದನ್ನು ತೀರ್ಮಾನಿಸುವವನು ಪರೀಕ್ಷಕನೇ. ಪದರವನ್ನು ಬಿಚ್ಚಿಸದೆ, ತೊಳೆಯದ ಗೋಡೆಯನ್ನು ಮೇಲಿನಿಂದ ಇಣುಕಿ, ದೋಷ ಕಾಣಲಿಲ್ಲ ಎಂದು ಬರೆದವನು ಸುಳ್ಳು ಹೇಳಿದಂತಾಗದಿರಬಹುದು. ಅವನು ಬರೆದದ್ದು ಪ್ರಮಾಣವಂತೂ ಆಗುವುದಿಲ್ಲ.

ಒತ್ತಡದ ಪರೀಕ್ಷೆಯು ಅನುಮಾನ ಪ್ರಮಾಣಕ್ಕೆ ಸೇರಿದ್ದು. 6 ಬಾರ್ ತಡೆದದ್ದು ಕಂಡಿದೆ. ಇನ್ನು ಮುಂದಿನ ಯಾನಗಳಲ್ಲಿ 4 ಬಾರ್ ತಡೆಯುತ್ತದೆ ಎಂಬುದು ಊಹಿಸಿದ್ದು. ನೈಯಾಯಿಕರು ಇಂಥ ಊಹೆಗೆ ವ್ಯಾಪ್ತಿಯನ್ನು, ಅಂದರೆ ಹೇತುವಿಗೂ ಸಾಧ್ಯಕ್ಕೂ ಇರುವ ತಪ್ಪದ ಸಂಬಂಧವನ್ನು, ಆಧಾರವಾಗಿ ಕೇಳುತ್ತಾರೆ. ಆ ಸಂಬಂಧವು ಮತ್ತೊಂದು ಮರೆಯ ಷರತ್ತನ್ನು ಅವಲಂಬಿಸಿದ್ದರೆ ಆ ಷರತ್ತಿಗೆ ಉಪಾಧಿ ಎಂದು ಹೆಸರು. ಹೊಗೆಯಿರುವಲ್ಲಿ ಬೆಂಕಿ ಇದೆ ಎನ್ನಬಹುದು, ಬೆಂಕಿಯಿರುವಲ್ಲೆಲ್ಲ ಹೊಗೆ ಇದೆ ಎನ್ನಲಾಗದು, ಏಕೆಂದರೆ ಹೊಗೆಗೆ ಹಸಿಯ ಸೌದೆಯೆಂಬ ಉಪಾಧಿ ಬೇಕು. ಪರೀಕ್ಷೆಯಲ್ಲಿ ಗೆದ್ದ ಟ್ಯಾಂಕ್ ಮುಂದೆಯೂ ತಾಳುತ್ತದೆ ಎಂಬ ಅನುಮಾನದಲ್ಲಿಯೂ ಉಪಾಧಿಗಳಿವೆ: ನಡುವೆ ಅದಕ್ಕೆ ಪೆಟ್ಟು ಬೀಳದಿರಬೇಕು, ಗೋಡೆಯನ್ನು ತಿನ್ನುವ ದ್ರವವನ್ನು ಅದಕ್ಕೆ ತುಂಬದಿರಬೇಕು, ಗ್ಯಾಸ್ಕೆಟ್ ಒಣಗಿ ಬಿರಿಯದಿರಬೇಕು. ಮುದ್ರೆಗೆ ಕಾಲಮಿತಿ ಇರುವುದು ಈ ಕಾರಣದಿಂದ. ಅವಧಿ ಮುಗಿದ ಟ್ಯಾಂಕನ್ನು ತುಂಬಲು ಸಾಗಣೆಯ ನಿಯಮ ಬಿಡುವುದಿಲ್ಲ. ಅವಧಿಯೊಳಗೆ ತುಂಬಿದ್ದು ದಾರಿಯಲ್ಲಿದ್ದರೆ ಮಾತ್ರ ಆಮೇಲೆ ಮೂರು ತಿಂಗಳವರೆಗೆ ಸಾಗಲು ಅವಕಾಶ ಕೊಡುತ್ತದೆ. ಈ ಮೂರು ತಿಂಗಳು ಪ್ರಮಾಣದ ಬಲದಿಂದ ಬಂದದ್ದಲ್ಲ, ತುಂಬಿದ ವಿಷವನ್ನು ನಡುದಾರಿಯಲ್ಲಿ ಇಳಿಸುವುದು ಹೆಚ್ಚು ಅಪಾಯಕರವೆಂಬ ವಿವೇಕದಿಂದ ಬಂದದ್ದು.

ಇಷ್ಟೆಲ್ಲ ಪರೀಕ್ಷಕನಿಗೆ ಆದ ಜ್ಞಾನ. ನಾವಿಕನಿಗೂ ಊರಿನವನಿಗೂ ತಲುಪುವುದು ಅವನ ಮಾತು ಮಾತ್ರ, ಅಂದರೆ ಶಬ್ದ ಪ್ರಮಾಣ. ಅಲ್ಲಿಂದಲೇ ಮುಖ್ಯ ಪ್ರಶ್ನೆ ಹುಟ್ಟುತ್ತದೆ.

ಆಪ್ತನೆಂದರೆ ಯಾರು?

ಗೌತಮನ ನ್ಯಾಯಸೂತ್ರವು ಆಪ್ತನಾದವನ ಉಪದೇಶವೇ ಶಬ್ದ ಪ್ರಮಾಣ ಎಂದು ಲಕ್ಷಣ ಹೇಳುತ್ತದೆ. ಅದರ ಭಾಷ್ಯಕಾರನಾದ ವಾತ್ಸ್ಯಾಯನನು ಆಪ್ತನಲ್ಲಿ ಇರಬೇಕಾದ ಗುಣಗಳನ್ನು ಬಿಡಿಸಿ ಹೇಳುವಾಗ ಮೂರನ್ನು ಎತ್ತಿಕೊಳ್ಳುತ್ತಾನೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತಿರುವುದು, ಜೀವಿಗಳ ಮೇಲೆ ದಯೆ, ಇದ್ದುದನ್ನು ಇದ್ದಂತೆ ತಿಳಿಸಬೇಕೆಂಬ ಇಚ್ಛೆ. ಇದಕ್ಕಿಂತ ಮಹತ್ವದ ಮಾತು ಅದೇ ಭಾಷ್ಯದಲ್ಲಿದೆ: ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ನಂಬಿಕೆಗೆ ಅರ್ಹನಾಗಲು ಹುಟ್ಟಿದ ಕುಲವಾಗಲಿ ದೇಶವಾಗಲಿ ಕಾರಣವಲ್ಲ, ಅಡ್ಡಿಯೂ ಅಲ್ಲ ಎಂಬ ಈ ನಿಲುವು ವೇದಪ್ರಾಮಾಣ್ಯವನ್ನು ಸಮರ್ಥಿಸಲು ಹೊರಟ ಶಾಸ್ತ್ರದೊಳಗೇ ಬಂದಿರುವುದು ಗಮನಿಸಬೇಕಾದ ಸಂಗತಿ.

ಧರ್ಮಶಾಸ್ತ್ರಗಳು ನ್ಯಾಯಾಲಯದ ಸಾಕ್ಷಿಯ ಬಗ್ಗೆ ಹೇಳುವಾಗ ಬೇರೆ ದಾರಿ ಹಿಡಿಯುತ್ತವೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯವು ಸಾಕ್ಷಿಯ ಅರ್ಹತೆಯಲ್ಲಿ ಜಾತಿ, ವರ್ಣಗಳ ಹೊಂದಿಕೆಯನ್ನೂ ಲೆಕ್ಕಕ್ಕೆ ತರುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ ಬರೆದ ಮಿತಾಕ್ಷರಾ ವ್ಯಾಖ್ಯಾನವು ಬ್ರಿಟಿಷರ ಕಾಲದ ನ್ಯಾಯಾಲಯಗಳವರೆಗೂ ಆಧಾರಗ್ರಂಥವಾಗಿ ನಿಂತಿತು. ಹುಟ್ಟನ್ನು ನೋಡುವ ಈ ಭಾಗ ಇಂದಿಗೆ ಒಪ್ಪಿಗೆಯಾಗುವಂಥದ್ದಲ್ಲ. ಆದರೆ ಧರ್ಮಶಾಸ್ತ್ರಗಳಲ್ಲಿ ಮತ್ತೊಂದು ಎಚ್ಚರವಿದೆ, ಅದನ್ನು ನ್ಯಾಯದರ್ಶನ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ: ವ್ಯಾಜ್ಯದಲ್ಲಿ ಹಣದ ಸಂಬಂಧ ಇರುವವನನ್ನು, ಕಕ್ಷಿಯ ಗೆಳೆಯನನ್ನು, ಸಹಾಯಕನನ್ನು, ವೈರಿಯನ್ನು ಸಾಕ್ಷಿಯಾಗಿ ಸ್ವೀಕರಿಸಬಾರದು ಎಂದು ಮನುಸ್ಮೃತಿ ವಿಧಿಸುತ್ತದೆ. ದಾರ್ಶನಿಕನು ಆಪ್ತನ ಒಳಗಣ ಗುಣವನ್ನು ಹೇಳಿದರೆ, ಧರ್ಮಶಾಸ್ತ್ರಕಾರನು ಆ ಗುಣ ಕೆಡುವ ಹೊರಗಿನ ಸಂದರ್ಭಗಳನ್ನು ಪಟ್ಟಿ ಮಾಡಿದ. ನ್ಯಾಯಾಧೀಶನಿಗೆ ಕಣ್ಣಿಗೆ ಕಾಣುವುದು ಎರಡನೆಯದೇ.

ಇಂದಿನ ತಪಾಸಣಾ ಸಂಸ್ಥೆಗಳನ್ನು ಅಳೆಯುವ 17020 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಹೊರಗಿನ ಸಂದರ್ಭಗಳನ್ನೇ ನೋಡಿ ಸಂಸ್ಥೆಗಳನ್ನು ಮೂರು ವರ್ಗ ಮಾಡುತ್ತದೆ. ತಾನು ಪರೀಕ್ಷಿಸುವ ವಸ್ತುವಿನ ವಿನ್ಯಾಸ, ತಯಾರಿಕೆ, ಮಾರಾಟ, ಒಡೆತನ, ಬಳಕೆ, ದುರಸ್ತಿ ಯಾವುದರಲ್ಲೂ ಭಾಗಿಯಾಗದ ಮೂರನೆಯ ಪಕ್ಷವು ಎ ವರ್ಗ. ದೊಡ್ಡ ಸಂಸ್ಥೆಯೊಂದರ ಅಂಗವಾಗಿದ್ದು ಆ ಸಂಸ್ಥೆಗೆ ಮಾತ್ರ ತಪಾಸಣೆ ಮಾಡಿಕೊಡುವುದು ಬಿ ವರ್ಗ. ಆ ವಸ್ತುಗಳ ವ್ಯವಹಾರದಲ್ಲಿ ತಾನೂ ತೊಡಗಿದ್ದು, ಕೆಲಸಗಳನ್ನು ಒಳಗೇ ಬೇರ್ಪಡಿಸಿಕೊಂಡು ಹೊರಗಿನವರಿಗೂ ತಪಾಸಣೆ ಮಾಡುವುದು ಸಿ ವರ್ಗ. ಹಣದ ನಂಟು ದೂರವಾದಷ್ಟೂ ಮಾತಿನ ತೂಕ ಹೆಚ್ಚು ಎಂಬುದು ಈ ವಿಭಾಗದ ಹಿಂದಿರುವ ತತ್ತ್ವ.

ಆದರೂ ಒಂದು ನಂಟು ಎ ವರ್ಗದಲ್ಲಿಯೂ ಉಳಿದುಕೊಳ್ಳುತ್ತದೆ: ಪರೀಕ್ಷೆಯ ಶುಲ್ಕವನ್ನು ಕೊಡುವವನು ಟ್ಯಾಂಕಿನ ಒಡೆಯ ಅಥವಾ ಅದನ್ನು ಬಾಡಿಗೆಗೆ ಓಡಿಸುವವನು. ಟ್ಯಾಂಕ್ ಪರೀಕ್ಷೆಯಲ್ಲಿ ಸೋತರೆ ಅವನಿಗೆ ನಷ್ಟ. ಪದೇಪದೇ ಸೋಲಿಸುವ ಪರೀಕ್ಷಕನನ್ನು ಬಿಟ್ಟು ಇನ್ನೊಬ್ಬನನ್ನು ಹುಡುಕುವ ಸ್ವಾತಂತ್ರ್ಯವೂ ಅವನಿಗಿದೆ. ಪರೀಕ್ಷೆಯ ಫಲ ಬೇಕಾಗಿರುವುದು ನಾವಿಕನಿಗೆ, ಬಂದರಿನ ಕಾರ್ಮಿಕನಿಗೆ, ದಾರಿಯ ಊರಿನವನಿಗೆ. ಅವರ ಕೈಯಲ್ಲಿ ಶುಲ್ಕವೂ ಇಲ್ಲ, ಪರೀಕ್ಷಕನನ್ನು ಆರಿಸುವ ಅಧಿಕಾರವೂ ಇಲ್ಲ. ಧರ್ಮಶಾಸ್ತ್ರದ ಎಚ್ಚರವನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಜಗತ್ತಿನ ಹೆಚ್ಚಿನ ತಪಾಸಣೆಗಳು ಆಕ್ಷೇಪಕ್ಕೆ ಒಳಗಾಗುತ್ತವೆ. ಈ ತೊಡಕನ್ನು ನೀಗಲು ರಾಜ್ಯವು ನಡುವೆ ಬರುತ್ತದೆ. ಪರೀಕ್ಷಕನಿಗೆ ಸಂಬಳ ಯಾರಿಂದಲೇ ಬರಲಿ, ಅವನ ಅಧಿಕಾರವನ್ನು ಕಿತ್ತುಕೊಳ್ಳುವ ಶಕ್ತಿ ಶುಲ್ಕ ಕೊಡುವವನಲ್ಲದ ಬೇರೊಬ್ಬನ ಕೈಯಲ್ಲಿ ಇರಲಿ ಎಂಬುದು ಸಕ್ಷಮ ಪ್ರಾಧಿಕಾರದ ಒಪ್ಪಿಗೆಯನ್ನು ಕಡ್ಡಾಯ ಮಾಡಿದ್ದರಿಂದ ಆಗುವ ಪ್ರಯೋಜನ.

ಹಾಗೆಂದು ಒಪ್ಪಿಗೆಯ ಪತ್ರವೇ ಆಪ್ತತ್ವವಾಗುವುದಿಲ್ಲ. ಕನ್ನಡದ ಜೈನ ಕವಿಗಳು ಕವಿಪರಮೇಷ್ಠಿ, ಪೂಜ್ಯಪಾದರೊಡನೆ ಸೇರಿಸಿ ವಂದಿಸುತ್ತ ಬಂದ ಸಮಂತಭದ್ರರು ತಮ್ಮ ಆಪ್ತಮೀಮಾಂಸೆಯನ್ನು ಆರಂಭಿಸುವುದೇ ಈ ವಿಚಾರದಿಂದ. ದೇವತೆಗಳು ಬಂದು ಸೇವಿಸುವುದು, ಆಕಾಶದಲ್ಲಿ ನಡೆಯುವುದು, ಚಾಮರದ ವೈಭವ ಇವೆಲ್ಲ ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವು ಪೂಜ್ಯತೆಗೆ ಕಾರಣವಾಗವು ಎಂದು ಅವರು ತಮ್ಮ ತೀರ್ಥಂಕರನ ಎದುರಿಗೇ ವಾದಿಸಿ, ದೋಷರಹಿತನಾಗಿರುವುದನ್ನೂ ಮಾತು ಯುಕ್ತಿಗೆ ವಿರುದ್ಧವಾಗದಿರುವುದನ್ನೂ ಆಪ್ತತ್ವದ ಗುರುತಾಗಿ ಹಿಡಿಯುತ್ತಾರೆ. ಭಕ್ತಿಯಿಂದ ಹೊರಟ ಕೃತಿಯೊಂದು ಭಕ್ತಿಯ ವಸ್ತುವನ್ನೇ ಪರೀಕ್ಷೆಗೆ ಒಡ್ಡುವ ಈ ಧೈರ್ಯದ ಎದುರಿಗೆ, ಹಳೆಯ ಸಂಸ್ಥೆಯ ಹೆಸರಿಗೋ ಸರ್ಕಾರದ ಲಾಂಛನಕ್ಕೋ ಮಣಿದು ಪ್ರಮಾಣಪತ್ರವನ್ನು ಪ್ರಶ್ನಿಸದಿರುವುದು ಪೇಲವವಾಗಿ ಕಾಣುತ್ತದೆ. ಲಾಂಛನವು ಅಧಿಕಾರದ ಗುರುತು. ಟ್ಯಾಂಕಿನೊಳಗೆ ಯಾರಾದರೂ ಇಳಿದಿದ್ದರು ಎಂಬುದಕ್ಕೆ ಅದು ಗುರುತಲ್ಲ.

ಪರೀಕ್ಷಕನನ್ನು ಪರೀಕ್ಷಿಸುವವರು ಯಾರು?

ಇಲ್ಲಿ ಅನವಸ್ಥೆ, ಅಂದರೆ ಕೊನೆಯಿಲ್ಲದೆ ಹಿಂದಕ್ಕೆ ಸರಿಯುತ್ತ ಹೋಗುವ ದೋಷ, ತಲೆದೋರುತ್ತದೆ. ಟ್ಯಾಂಕನ್ನು ಪರೀಕ್ಷಕ ನೋಡಿದ. ಪರೀಕ್ಷಕನನ್ನು ಸಂಸ್ಥೆ ನೋಡಿತು. ಸಂಸ್ಥೆಯನ್ನು ಮಾನ್ಯತಾ ಮಂಡಳಿ ನೋಡಿತು, ಭಾರತದಲ್ಲಿ ಅಂಥ ಕೆಲಸವನ್ನು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಂಗವಾದ ಎನ್‌ಎಬಿಸಿಬಿ ಮಾಡುತ್ತದೆ. ಮಾನ್ಯತಾ ಮಂಡಳಿಗಳು ತಮ್ಮ ಅಂತರರಾಷ್ಟ್ರೀಯ ಒಕ್ಕೂಟಗಳಲ್ಲಿ ಪರಸ್ಪರ ಪರಿಶೀಲನೆಗೆ ಒಳಪಡುತ್ತವೆ. ಒಂದೊಂದು ಮೆಟ್ಟಿಲು ಏರಿದಂತೆಲ್ಲ ನೋಡುವವನು ಟ್ಯಾಂಕಿನಿಂದ ಒಂದೊಂದು ಮೆಟ್ಟಿಲು ದೂರವಾಗುತ್ತಾನೆ. ಮೇಲಿನವನು ನೋಡುವುದು ಲೋಹವನ್ನಲ್ಲ, ಕೆಳಗಿನವನು ಬರೆದಿಟ್ಟ ಕಡತವನ್ನು.

ಜ್ಞಾನದ ಪ್ರಾಮಾಣ್ಯ ಎಲ್ಲಿಂದ ತಿಳಿಯುತ್ತದೆ ಎಂಬ ವಾದದಲ್ಲಿ ದರ್ಶನಗಳು ಎರಡು ಪಕ್ಷವಾಗಿವೆ. ಜ್ಞಾನವು ತಾನಾಗಿಯೇ ಪ್ರಮಾಣ, ಅದನ್ನು ಬಾಧಿಸುವ ಇನ್ನೊಂದು ಜ್ಞಾನವೋ ಕರಣದ ದೋಷವೋ ತೋರಿಬರುವ ತನಕ ಅದನ್ನು ನಂಬುವುದೇ ಸರಿ ಎಂಬ ಮೀಮಾಂಸಕರ ಮತಕ್ಕೆ ಸ್ವತಃಪ್ರಾಮಾಣ್ಯವಾದ ಎಂದು ಹೆಸರು. ಪ್ರಾಮಾಣ್ಯವು ಹೊರಗಿನಿಂದ, ಮುಖ್ಯವಾಗಿ ಆ ಜ್ಞಾನವನ್ನು ನಂಬಿ ಮಾಡಿದ ಪ್ರವೃತ್ತಿ ಸಫಲವಾದುದರಿಂದ, ತಿಳಿಯುತ್ತದೆ ಎಂಬ ನೈಯಾಯಿಕರ ಮತ ಪರತಃಪ್ರಾಮಾಣ್ಯವಾದ. ಬಂದರಿನ ಅಧಿಕಾರಿಯು ಹೊರದೇಶದ ಮುದ್ರೆಯನ್ನು ಕಂಡೊಡನೆ ಒಪ್ಪಿ, ಫಲಕದ ದಿನಾಂಕ ಮೀರಿದ್ದರೆ ಅಥವಾ ಚೌಕಟ್ಟು ಬಾಗಿ ಹನಿ ಜಿನುಗುತ್ತಿದ್ದರೆ ಮಾತ್ರ ತಡೆಯುವುದು ಮೊದಲನೆಯ ಪಕ್ಷದ ನಡೆ. ಪ್ರತಿಯೊಂದು ಟ್ಯಾಂಕನ್ನೂ ಪ್ರತಿ ಬಂದರಿನಲ್ಲಿ ಮತ್ತೆ ಪರೀಕ್ಷಿಸಹೊರಟರೆ ಸಾಗಣೆಯೇ ನಿಂತುಹೋದೀತು. ಪರೀಕ್ಷಾ ಸಂಸ್ಥೆಗಳನ್ನು ಮತ್ತೆಮತ್ತೆ ತಾಳೆ ನೋಡುವುದು ಎರಡನೆಯ ಪಕ್ಷದ ನಡೆ. ನೈಯಾಯಿಕನ ಅಳತೆಯಲ್ಲಿ ಇಲ್ಲಿ ಒಂದು ಅಪಾಯವೂ ಇದೆ: ಟ್ಯಾಂಕ್ ಸುರಕ್ಷಿತವಾಗಿ ತಲುಪಿತು ಎಂಬ ಸಾಫಲ್ಯವು ಪರೀಕ್ಷೆ ಸರಿಯಾಗಿತ್ತು ಎಂಬುದನ್ನು ಸಾಧಿಸುವುದಿಲ್ಲ, ಏಕೆಂದರೆ ಪರೀಕ್ಷಿಸದ ಟ್ಯಾಂಕೂ ಎಷ್ಟೋ ಸಲ ಸುರಕ್ಷಿತವಾಗಿಯೇ ತಲುಪುತ್ತದೆ.

ಉಡುಪಿಯ ಮಧ್ವಾಚಾರ್ಯರ ದ್ವೈತದರ್ಶನವು ಈ ಅನವಸ್ಥೆಗೆ ಬೇರೊಂದು ಪರಿಹಾರ ಸೂಚಿಸಿತು. ಜಯತೀರ್ಥರೂ ವಿಜಯನಗರದ ಕಾಲದ ವ್ಯಾಸತೀರ್ಥರೂ ಅದನ್ನು ವಿಸ್ತರಿಸಿದರು. ಅವರ ಮತದಲ್ಲಿ ಆತ್ಮಸ್ವರೂಪವೇ ಆದ ಸಾಕ್ಷಿಯೆಂಬ ಇಂದ್ರಿಯವು ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುತ್ತದೆ. ಸಂಶಯ ಬಂದಾಗ ಪರೀಕ್ಷೆ ಬೇಕು. ಆದರೆ ಪರೀಕ್ಷೆಗೆ ಇನ್ನೊಂದು ಪರೀಕ್ಷೆ, ಅದಕ್ಕೆ ಮತ್ತೊಂದು ಎಂಬ ಸರಣಿ ಬೆಳೆಯದು, ಏಕೆಂದರೆ ಅದು ಸಾಕ್ಷಿಯ ನಿಶ್ಚಯದಲ್ಲಿ ಕೊನೆಗೊಳ್ಳುತ್ತದೆ. ಇದು ವ್ಯಕ್ತಿಯ ಜ್ಞಾನದ ವಿಷಯದಲ್ಲಿ ಹೇಳಿದ ಸಿದ್ಧಾಂತ. ಸಂಸ್ಥೆಗೆ ಆತ್ಮವಿಲ್ಲವಾದ್ದರಿಂದ ಅದಕ್ಕೆ ಸಾಕ್ಷಿಯೂ ಇಲ್ಲ. ಹಾಗಿದ್ದರೂ ಸಂಸ್ಥೆಗಳ ಸರಣಿಯನ್ನು ಮೇಲಿನ ತುದಿಯಲ್ಲಿ ಕಟ್ಟಿ ನಿಲ್ಲಿಸಲು ಹೊರಟವರಿಗೆ ಅದರಿಂದ ಒಂದು ತಿಳಿವಳಿಕೆ ಸಿಗುತ್ತದೆ. ಆ ದಿನ ಒಳಗೋಡೆಯನ್ನು ಪೂರ್ತಿ ನೋಡಿದೆನೋ ಅರ್ಧ ನೋಡಿದೆನೋ, ಗೇಜಿನ ಮುಳ್ಳನ್ನು ಹೇಳಿದಷ್ಟು ಹೊತ್ತು ಗಮನಿಸಿದೆನೋ ಇಲ್ಲವೋ ಎಂಬುದು ಕೊನೆಗೂ ಗೊತ್ತಿರುವುದು ಒಬ್ಬನಿಗೆ. ಮೇಲಿನ ಮಂಡಳಿಗಳು ಅವನ ತರಬೇತಿ, ಅನುಭವ, ಉಪಕರಣಗಳ ಲೆಕ್ಕ ಕೇಳಬಹುದು, ಎಚ್ಚರಿಸಬಹುದು, ದಂಡಿಸಬಹುದು. ಅವನ ಬದಲು ಅರಿಯಲಾರವು. ಸರಣಿಯು ನಿಲ್ಲಬೇಕಾದದ್ದು ಮೇಲ್ತುದಿಯಲ್ಲಲ್ಲ, ಟ್ಯಾಂಕಿನ ಬುಡದಲ್ಲಿ.

ಪ್ರಮಾದವೇ ಹಿಂಸೆ

ಆಪ್ತನ ಮೂರು ಗುಣಗಳಲ್ಲಿ ಮೊದಲನೆಯದಾದ ನೇರ ಅರಿವನ್ನು ವಿದ್ಯಾರ್ಹತೆ ಮತ್ತು ಅನುಭವದ ಮೂಲಕ, ಮೂರನೆಯದಾದ ಸತ್ಯ ತಿಳಿಸುವ ಇಚ್ಛೆಯನ್ನು ಹಣದ ನಂಟು ಕಡಿದುಹಾಕುವ ಮೂಲಕ ಕಾನೂನು ತಕ್ಕಮಟ್ಟಿಗೆ ಕಾಯಬಲ್ಲದು. ನಡುವಿನ ಗುಣವಾದ ಜೀವದಯೆಯ ಹೆಸರು ಯಾವ ನಿಯಮಾವಳಿಯಲ್ಲಿಯೂ ಕಾಣುವುದಿಲ್ಲ. ಅದು ತಾಂತ್ರಿಕ ಕೆಲಸಕ್ಕೆ ಅನಾವಶ್ಯಕವೆಂದು ತೋರಬಹುದು. 1978ರ ಜುಲೈ 11ರಂದು ಸ್ಪೇನಿನ ಕರಾವಳಿಯ ಲಾಸ್ ಅಲ್ಫಾಕೆಸ್ ಎಂಬ ಶಿಬಿರತಾಣದ ಬಳಿ ನಡೆದ ದುರಂತವನ್ನು ನೆನೆದರೆ ಆ ಅಭಿಪ್ರಾಯ ಸಡಿಲವಾಗುತ್ತದೆ. ಅಲ್ಲಿ ಸ್ಫೋಟಿಸಿದ್ದು ಪೋರ್ಟಬಲ್ ಟ್ಯಾಂಕ್ ಅಲ್ಲ, ರಸ್ತೆಯ ಟ್ಯಾಂಕರು; ಹಿಡಿಯಬೇಕಾದುದಕ್ಕಿಂತ ಹೆಚ್ಚು, 23 ಟನ್ನಿನಷ್ಟು ದ್ರವ ಪ್ರೊಪಿಲೀನನ್ನು ಅದಕ್ಕೆ ತುಂಬಲಾಗಿತ್ತು, ಒತ್ತಡ ಮೀರಿದಾಗ ತಾನೇ ತೆರೆದುಕೊಳ್ಳುವ ಸೇಫ್ಟಿ ವಾಲ್ವ್ ಅದಕ್ಕೆ ಇರಲಿಲ್ಲ. ಸತ್ತವರು 200ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಬೇರೆಬೇರೆ ದೇಶಗಳಿಂದ ರಜೆಗೆಂದು ಬಂದಿದ್ದ ಪ್ರವಾಸಿಗಳು. ತುಂಬಿದವರು, ತೂಗಿದವರು, ಹೊರಡಲು ಬಿಟ್ಟವರು ಅವರಲ್ಲಿ ಯಾರ ಮುಖವನ್ನೂ ಕಂಡಿರಲಿಲ್ಲ. ಪರೀಕ್ಷೆಯ ಫಲವನ್ನು ಅನುಭವಿಸುವವರು ಪರೀಕ್ಷೆಯ ಸ್ಥಳದಲ್ಲಿ ಎಂದೂ ಇರುವುದಿಲ್ಲ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಬಲ್ಲದ್ದು ಪರೀಕ್ಷಕನ ಮನಸ್ಸಿನ ದಯೆ ಒಂದೇ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಗೆ ಕೊಡುವ ಲಕ್ಷಣದಲ್ಲಿ ಪ್ರಾಣಹಾನಿಯೊಡನೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಕಾರಣವಾಗಿ ಸೇರಿಸಿದೆ. ಕುಂದಕುಂದಾಚಾರ್ಯರ ಪ್ರವಚನಸಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಜೀವ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆದವನಿಗೆ ಬರಿಯ ಪ್ರಾಣಹಾನಿಯಿಂದ ಬಂಧವಿಲ್ಲ. ಮುನಿಯ ನಡಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಈ ಮಾತು ಪರೀಕ್ಷಕನ ಹೊಣೆಯನ್ನು ಇಂದಿನ ಕಾನೂನಿಗಿಂತ ಕರಾರುವಾಕ್ಕಾಗಿ ಗೊತ್ತುಮಾಡುತ್ತದೆ. ಕಾನೂನು ಸಾಮಾನ್ಯವಾಗಿ ಎಚ್ಚೆತ್ತುಕೊಳ್ಳುವುದು ಅನಾಹುತ ಆದ ಮೇಲೆ. ಒಳಗೆ ಇಳಿಯದೆ ಮುದ್ರೆ ಒತ್ತಿದ ಟ್ಯಾಂಕ್ ಹತ್ತು ವರ್ಷ ಸುಖವಾಗಿ ಓಡಿದರೆ ಒತ್ತಿದವನನ್ನು ಯಾರೂ ಕೇಳುವುದಿಲ್ಲ. ಜೈನದೃಷ್ಟಿಯಲ್ಲಿ ಅವನು ಒತ್ತಿದ ಗಳಿಗೆಯಲ್ಲೇ ತಪ್ಪಿತಸ್ಥ. ಇದರ ಇನ್ನೊಂದು ಮುಖವೂ ಅಷ್ಟೇ ನ್ಯಾಯವಾದದ್ದು: ನೋಡಬೇಕಾದುದನ್ನೆಲ್ಲ ನೋಡಿದ ಮೇಲೂ ಲೋಹದೊಳಗೆ ಅಡಗಿದ್ದ ದೋಷದಿಂದ ಟ್ಯಾಂಕ್ ಬಿರಿದರೆ, ಜನರ ಕೋಪ ತಣಿಸಲು ಆ ಪರೀಕ್ಷಕನನ್ನು ಬಲಿಕೊಡುವುದು ಅಧರ್ಮ.

ನಿರ್ಣಯ

ಯಾರು ಪರೀಕ್ಷಿಸಬಹುದು ಎಂಬ ಪ್ರಶ್ನೆಗೆ ಈ ವಿಚಾರಗಳಿಂದ ಒಂದು ನಿರ್ಣಯಕ್ಕೆ ಬರಲು ಸಾಧ್ಯ. ರಾಜ್ಯದ ಒಪ್ಪಿಗೆ ಬೇಕು, ಏಕೆಂದರೆ ಅದಿಲ್ಲದೆ ಪರೀಕ್ಷಕನನ್ನು ಕೇಳುವವರು ಇರುವುದಿಲ್ಲ. ಆದರೆ ಒಪ್ಪಿಗೆಯು ಅಧಿಕಾರವನ್ನು ಕೊಡುತ್ತದೆಯೇ ಹೊರತು ಅರಿವನ್ನಲ್ಲ. ದೇಶ ಯಾವುದು ಎಂಬುದು ಒಪ್ಪಂದಗಳ ಲೆಕ್ಕಕ್ಕೆ ಸೇರುತ್ತದೆ, ನಂಬಿಕೆಯ ಲೆಕ್ಕಕ್ಕಲ್ಲ. ವಾತ್ಸ್ಯಾಯನನ ಭಾಷ್ಯ ಅದನ್ನು ಎಂದೋ ತೀರ್ಮಾನಿಸಿದೆ. ಉಳಿದ ಗುಣಗಳೆಲ್ಲ ಇವೆಯೋ ಇಲ್ಲವೋ ಎಂಬುದು ಹೊರಗೆ ಕಾಣಿಸಿಕೊಳ್ಳುವ ಒಂದು ಸಂದರ್ಭವಿದೆ: ಹಡಗು ಹೊರಡುವ ಹೊತ್ತಾಗಿದೆ, ಶುಲ್ಕ ಕೊಟ್ಟ ಒಡೆಯ ಎದುರಿಗಿದ್ದಾನೆ, ವೆಲ್ಡಿಂಗಿನ ಗೆರೆಯೊಂದರಲ್ಲಿ ಸಂಶಯ ಬಂದಿದೆ. ಆಗ ಈ ಟ್ಯಾಂಕ್ ಹೊರಡಬಾರದು ಎಂದು ಬರೆದು ಸಹಿ ಹಾಕಬಲ್ಲವನು, ಬರೆದ ಮೇಲೂ ತನ್ನ ಕೆಲಸವನ್ನು ಉಳಿಸಿಕೊಳ್ಳಬಲ್ಲವನು ಪರೀಕ್ಷಕ. ಹಾಗೆ ಬರೆಯುವ ಅರಿವು ಇಲ್ಲದವನಿಗೆ ಅಧಿಕಾರ ಕೊಟ್ಟರೂ, ಅರಿವಿದ್ದವನಿಗೆ ಬರೆಯುವ ಸ್ವಾತಂತ್ರ್ಯ ಕೊಡದಿದ್ದರೂ ಮುದ್ರೆಯ ಬೆಲೆ ಒಂದೇ. ಆದುದರಿಂದ ಪರೀಕ್ಷಾ ಸಂಸ್ಥೆಗಳಿಗೆ ಮಾನ್ಯತೆ ಕೊಡುವವರು ಅವು ಎಷ್ಟು ಟ್ಯಾಂಕ್‌ಗಳಿಗೆ ಮುದ್ರೆ ಒತ್ತಿದವು ಎಂಬುದಕ್ಕಿಂತ ಮೊದಲು, ಎಷ್ಟನ್ನು ಹಿಂದಕ್ಕೆ ಕಳುಹಿಸಿದವು ಮತ್ತು ಹಾಗೆ ಕಳುಹಿಸಿದ ಪರೀಕ್ಷಕರು ಇಂದಿಗೂ ಅಲ್ಲಿ ಕೆಲಸದಲ್ಲಿ ಇದ್ದಾರೆಯೇ ಎಂಬುದನ್ನು ಕೇಳಬೇಕು.